ಹೊನ್ನೇಶ ಬರೆದ ಉದ್ದನೆಯ ವಾಕ್ಯ

"ಯಾರು ನಿರ್ಧಾರ ಮಾಡ್ಯಾರ್ರೀ?"

ಹಿಂದಿನಿಂದ ಬಂದ ಪ್ರಶ್ನೆಗೆ ಪ್ರಿಯಾಂಕಾಳ ಕೈಯಲ್ಲಿದ್ದ ಸೀಮೆಸುಣ್ಣ ಹಲಗೆಯ ಮೇಲೇ ನಿಂತುಬಿಟ್ಟಿತು.

ಆಗಷ್ಟೇ ಅವಳು ಒಂದು ಇಂಗ್ಲಿಷ್ ವಾಕ್ಯದ ಮಾದರಿ ಬರೆದಿದ್ದಳು. 'ಇಟ್ ಹ್ಯಾಸ್ ಬೀನ್ ಡಿಸೈಡೆಡ್...' ಅದರ ಕೆಳಗೆ ಕನ್ನಡದ ಅರ್ಥ. 'ನಿರ್ಧರಿಸಲಾಗಿದೆ...'

ತಿರುಗಿ ನೋಡಿದಳು. ಬಾಗಿಲಲ್ಲಿ ಖಾಕಿ ಅಂಗಿಯ ಯುವಕನೊಬ್ಬ ನಿಂತಿದ್ದ. ಮೂವತ್ತರ ಆಸುಪಾಸು. ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ಒಳಗೆ ಬರಲೋ ಬೇಡವೋ ಎಂದು ಒಂದು ಕಾಲು ಹೊಸ್ತಿಲಿನ ಆಚೆಗೇ ಇತ್ತು.

"ಏನಂದ್ರಿ?"

"ತಪ್ಪ ತಿಳ್ಕೋಬ್ಯಾಡ್ರಿ ಮೇಡಂ. ನಿರ್ಧರಿಸಲಾಗಿದೆ ಅಂತ ಬರದೀರಲ್ಲ... ಯಾರು ನಿರ್ಧಾರ ಮಾಡಿದ್ರು ಅನ್ನೋದು ಅದರಾಗ ಎಲ್ಲಿ ಐತಿ ಅಂತ ಕೇಳಿದೆ."

ಮುಂದಿನ ಬೆಂಚಿನವರು ನಕ್ಕರು. ಪ್ರಿಯಾಂಕಾ ನಗಲಿಲ್ಲ.

"ಅದರಾಗ ಇಲ್ಲ. ಇರಬಾರದು ಅಂತನ ಹಂಗ ಬರೀತಾರ."

"ಹಂಗಾರ ಅದು ಅಂಜಿದವರು ಬರಿಯೋ ವಾಕ್ಯ ಅನ್ರಿ," ಎಂದು ಅವನು ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತ.

ಪ್ರಿಯಾಂಕಾ ಮತ್ತೆ ಹಲಗೆಯ ಕಡೆ ತಿರುಗಿದಳು. ಮುಂದಿನ ಮಾದರಿ ಯಾವುದೆಂದು ಅವಳಿಗೆ ಕೆಲಹೊತ್ತು ನೆನಪೇ ಆಗಲಿಲ್ಲ.

ಕಾರಣವಿತ್ತು. ಎರಡು ವರ್ಷದ ಹಿಂದೆ ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಹುಬ್ಬಳ್ಳಿಯವನು, ಓದಿದವನು. ಕಾರ್ಡು ಹಂಚಿಯಾಗಿತ್ತು. ಇನ್ನು ಹದಿನೈದು ದಿನ ಇದೆ ಎನ್ನುವಾಗ ಒಂದು ಮಧ್ಯಾಹ್ನ ಅವಳ ಫೋನಿಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದವು. ಸಂಬಂಧವನ್ನು ಮುಂದುವರಿಸದಿರಲು ನಿರ್ಧರಿಸಲಾಗಿದೆ. ಆದ ಅಡಚಣೆಗಾಗಿ ವಿಷಾದಿಸುತ್ತೇವೆ.

ಅಷ್ಟೇ. ಕೆಳಗೆ ಯಾರ ಹೆಸರೂ ಇರಲಿಲ್ಲ.

ಆ ಎರಡು ಸಾಲುಗಳನ್ನು ಅವಳು ನೂರು ಸಲ ಓದಿದ್ದಳು. ತನ್ನಲ್ಲಿ ಏನು ಕಡಿಮೆಯಿತ್ತು ಎಂದು ಯೋಚಿಸಿದ್ದಳು. ಜಾತಕವೋ, ಬಣ್ಣವೋ, ತನ್ನ ಮಾತೋ... ಆದರೆ ಯಾರು ನಿರ್ಧಾರ ಮಾಡಿದರು ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಯಾರೋ ಗುರುತಿಲ್ಲದವನು ಬಾಗಿಲಲ್ಲಿ ನಿಂತು ಕೇಳಿಬಿಟ್ಟ.

ಅವನ ಹೆಸರು ಹೊನ್ನೇಶ ಎಂದು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುವಾಗ ಗೊತ್ತಾಯಿತು.

*

ಗದಗಿನ ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಆ ತರಗತಿ ನಡೆಯುತ್ತಿತ್ತು. ನಡೆಸುತ್ತಿದ್ದವರು ನಿವೃತ್ತ ಹೆಡ್‌ಮಾಸ್ತರ್ ಅಕ್ಬರಸಾಬ. ಸಂಜೆ ಐದರಿಂದ ಆರೂವರೆ. ಬರುವವರೆಲ್ಲ ಕೆಲಸದಲ್ಲಿದ್ದವರು. ಆಸ್ಪತ್ರೆಯ ನರ್ಸುಗಳು, ಅಂಗಡಿಯ ಗುಮಾಸ್ತರು, ಗ್ರಾಮ ಪಂಚಾಯ್ತಿಯ ಕಂಪ್ಯೂಟರ್ ಆಪರೇಟರುಗಳು. ಮಾತಾಡುವ ಇಂಗ್ಲಿಷ್ ಅವರಿಗೆ ಬೇಕಿರಲಿಲ್ಲ, ಬರೆಯುವ ಇಂಗ್ಲಿಷ್ ಬೇಕಿತ್ತು. ಅರ್ಜಿ, ರಜೆ ಚೀಟಿ, ಇಮೇಲು, ವರದಿ.

ಪ್ರಿಯಾಂಕಾಳ ಪಾಠದ ರೀತಿ ಸರಳವಾಗಿತ್ತು. ದಿನನಿತ್ಯದ ಇಂಗ್ಲಿಷ್ ಬರವಣಿಗೆಯೆಲ್ಲ ಇನ್ನೂರು ಚಿಲ್ಲರೆ ವಾಕ್ಯದ ಅಚ್ಚುಗಳಲ್ಲಿ ನಡೆಯುತ್ತದೆ ಎಂದು ಅವಳು ನಂಬಿದ್ದಳು. 'ಐ ಆ್ಯಮ್ ರೈಟಿಂಗ್ ಟು...' 'ವಿತ್ ರೆಫರೆನ್ಸ್ ಟು...' 'ಐ ವುಡ್ ಬಿ ಗ್ರೇಟ್‌ಫುಲ್ ಇಫ್...' ಅಚ್ಚು ಕಲಿತರೆ ಸಾಕು. ಅದರೊಳಗೆ ನಿಮ್ಮ ವಿಷಯ ತುಂಬಿ.

ನೋಟೀಸು, ಸುತ್ತೋಲೆ, ವಿಮೆಯ ಕಾಗದ, ಔಷಧಿ ಪೊಟ್ಟಣದೊಳಗಿನ ಚೀಟಿ... ಎಲ್ಲಿ ಕಂಡರೂ ಅವಳು ಅಂಥ ಅಚ್ಚುಗಳನ್ನು ಒಂದು ದಪ್ಪ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ಮದುವೆ ಮುರಿದ ಮೇಲೆ ಆ ಅಭ್ಯಾಸ ಇನ್ನೂ ಹೆಚ್ಚಾಗಿತ್ತು. ಮನುಷ್ಯರ ಮಾತಿಗಿಂತ ಅಚ್ಚಿನ ಮಾತು ವಾಸಿ ಎನಿಸಿತ್ತು ಅವಳಿಗೆ. ಅದು ಏನು ಹೇಳುತ್ತದೋ ಅಷ್ಟೇ ಹೇಳುತ್ತದೆ.

ಹೊನ್ನೇಶ ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸದವನು. ಊರು ಯಳವತ್ತಿ. ದಿನವೂ ಪ್ರಾಣಿಗಳ ಬಗ್ಗೆ ಇಂಗ್ಲಿಷಿನಲ್ಲಿ ಐದಾರು ಸಾಲಿನ ವರದಿ ಬರೆಯಬೇಕಿತ್ತು. ಅದಕ್ಕೇ ತರಗತಿಗೆ ಸೇರಿದ್ದ.

"ಪ್ರಾಣಿ ಆರಾಮ ಐತಿ ಅಂತ ದಿನಾ ಒಂದ ಸಾಲು ಬರದ್ರ ನಡೀತೈತ್ರಿ," ಎಂದ ಮೊದಲ ವಾರದಲ್ಲೇ. "ಆದ್ರ ಅದು ಖರೆ ಅಲ್ಲಲ್ರಿ. ದಿನಾ ಒಂದ ಥರ ಯಾರ ಇರ್ತಾರ?"

ಅವನ ಜವಾಬ್ದಾರಿಯಲ್ಲಿ ಒಂದು ಮುದಿ ಹೆಣ್ಣು ಚಿರತೆಯಿತ್ತು. ಹೆಸರು ಬೆಳ್ಳಿ. ಅದರ ಬಗ್ಗೆ ಅವನು ಬರೆದು ತಂದ ವರದಿಯನ್ನು ತಿದ್ದಲು ಕುಳಿತ ಪ್ರಿಯಾಂಕಾ ಒಂದು ಸಾಲಿನಲ್ಲಿ ನಿಂತಳು.

'ನಾನು ಹತ್ತಿರ ಕುಳಿತುಕೊಳ್ಳುವ ತನಕ ಬೆಳ್ಳಿ ಉಣ್ಣಲಿಲ್ಲ ಎಂಬುದನ್ನು ಗಮನಿಸಲಾಯಿತು.'

ಇಂಗ್ಲಿಷ್ ಸರಿಯಾಗಿತ್ತು. ಅಚ್ಚೂ ಅವಳೇ ಕಲಿಸಿದ್ದು. ಆದರೂ ಅವಳು ಕೆಂಪು ಪೆನ್ನು ಎತ್ತಿದಳು.

"ರಿಪೋರ್ಟಿನ್ಯಾಗ 'ನಾನು' ಅನ್ನೂದು ಬರಂಗಿಲ್ರಿ."

"ನನ್ನ ತಗದ್ರ ಅದು ಯಾಕ ಉಂಡಿತು ಅಂತ ಡಾಕ್ಟರಿಗೆ ಹೆಂಗ ಗೊತ್ತಾಕ್ಕೈತಿ ಮೇಡಂ?"

ಪ್ರಿಯಾಂಕಾ ಅವನ ಮುಖ ನೋಡಿದಳು. ವಾದಕ್ಕೆ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದ.

"ಇರ್ಲಿ ಬಿಡ್ರಿ," ಎಂದು ಪೆನ್ನಿನ ಟೋಪಿ ಹಾಕಿದಳು.

ಅಂದು ಬೆಟಗೇರಿಯ ಮನೆಗೆ ನಡೆದು ಹೋಗುವಾಗ ಅವಳಿಗೆ ಬೇರೇನೂ ನೆನಪಾಗಲಿಲ್ಲ. ಅಚ್ಚಿನೊಳಗೆ ಒಬ್ಬ ಮನುಷ್ಯ ಕುಳಿತಿದ್ದ. ಹಾಗೆ ಕುಳಿತಿರಬಹುದು ಎಂದು ಅವಳು ಎಣಿಸಿರಲಿಲ್ಲ.

*

ಜುಲೈ ತಿಂಗಳ ಒಂದು ಪಾಠ ಎಲ್ಲರಿಗೂ ಹಿಡಿಸಿತು.

"ಇಂಗ್ಲಿಷಿನ್ಯಾಗ ನಮ್ಮಂಗ 'ರಿ' ಇಲ್ಲ," ಎಂದಿದ್ದಳು ಪ್ರಿಯಾಂಕಾ. "ಕೊಡು, ಕೊಡ್ರಿ ಅನ್ನಾಕ ಬರೂದಿಲ್ಲ. ಅವರು ವಾಕ್ಯಾನ ಉದ್ದ ಮಾಡ್ತಾರ. 'ಗಿವ್ ಮಿ' ಅಂದ್ರ ಕೊಡು. 'ಕುಡ್ ಯು ಗಿವ್ ಮಿ' ಅಂದ್ರ ಕೊಡ್ತೀರೇನ್ರಿ. 'ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಗಿವ್ ಮಿ' ಅಂದ್ರ ಕೈ ಮುಗದ ಕೇಳ್ದಂಗ. ವಾಕ್ಯ ಉದ್ದ ಆದಷ್ಟೂ ಮರ್ಯಾದಿ ಜಾಸ್ತಿ. ಇದನ್ನ ನೆನಪಿಟ್ಕೋರಿ."

ಎಲ್ಲರೂ ಬರೆದುಕೊಂಡರು. ಹೊನ್ನೇಶ ಅಡಿಗೆರೆ ಎಳೆದುಕೊಂಡ.

ತರಗತಿ ಮುಗಿದ ಮೇಲೆ ಕೆಳಗಿನ ಚಹಾದಂಗಡಿಯಲ್ಲಿ ಬದನೆಕಾಯಿ ಬಜ್ಜಿ ತಿನ್ನುವುದು ಕೆಲವರ ರೂಢಿ. ಮೊದಲು ಐದು ಜನ ಇರುತ್ತಿದ್ದರು, ಆಮೇಲೆ ಮೂವರು. ಆಗಸ್ಟ್ ಹೊತ್ತಿಗೆ ಪ್ರಿಯಾಂಕಾ ಮತ್ತು ಹೊನ್ನೇಶ ಇಬ್ಬರೇ ಉಳಿದಿದ್ದರು. ಯಾರೂ ಹಾಗೆ ಮಾಡೋಣವೆಂದು ಹೇಳಿದ್ದಲ್ಲ.

ಒಂದು ಭಾನುವಾರ ಗೆಳತಿ ಅಮೀರಾಳನ್ನು ಕರೆದುಕೊಂಡು ಪ್ರಿಯಾಂಕಾ ಬಿಂಕದಕಟ್ಟಿಗೆ ಹೋದಳು. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದದ್ದು ಬಿಟ್ಟರೆ ಮತ್ತೆ ಬಂದಿರಲಿಲ್ಲ. ಹೊನ್ನೇಶ ಅವರಿಗೆ ಬೆಳ್ಳಿಯನ್ನು ತೋರಿಸಿದ. ಅದು ನೆರಳಿನಲ್ಲಿ ಮಲಗಿ ಒಂದು ಕಣ್ಣು ಮಾತ್ರ ತೆರೆದು ನೋಡಿತು. ಅಮೀರಾ ನವಿಲು ನೋಡಲು ಮುಂದೆ ಹೋದಳು.

ಬೇಲಿಯ ಪಕ್ಕ ನಿಂತು ಪ್ರಿಯಾಂಕಾ ತನ್ನ ಮುರಿದ ಮದುವೆಯ ಕತೆ ಹೇಳಿದಳು. ಏಕೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಆ ಎರಡು ಸಾಲುಗಳನ್ನೂ ಬಾಯಿಪಾಠದಂತೆ ಒಪ್ಪಿಸಿದಳು.

ಹೊನ್ನೇಶ ಬೇಲಿಗೆ ಸಿಕ್ಕಿಕೊಂಡಿದ್ದ ಒಣ ಎಲೆಯೊಂದನ್ನು ಬಿಡಿಸಿ ಕೆಳಗೆ ಹಾಕಿದ.

"ಅಡಚಣಿ ಅಂದ್ರೇನ್ರಿ?" ಎಂದ ಕೊನೆಗೆ. "ರೈಲು ತಡಾ ಆದ್ರ ಟೇಶನ್ಯಾಗ ಹೇಳ್ತಾರಲ್ರಿ, ಅದು ಅಡಚಣಿ. ಇದಕ್ಕ ಬ್ಯಾರೆ ಮಾತು ಬೇಕಿತ್ತು."

"ಯಾವ ಮಾತು?"

"ಗೊತ್ತಿಲ್ರಿ. ಎದುರಿಗೆ ಬಂದು ನಿಂತಿದ್ರ ಬರ್ತಿತ್ತೇನೋ."

ಪ್ರಿಯಾಂಕಾಳ ಕಣ್ಣು ತುಂಬಿದವು. ಎರಡು ವರ್ಷದಲ್ಲಿ ಮೊದಲ ಸಲ. ಅವಳು ಚಿರತೆಯ ಕಡೆ ಮುಖ ತಿರುಗಿಸಿಕೊಂಡಳು. ಹೊನ್ನೇಶನೂ ಅತ್ತಲೇ ನೋಡುತ್ತ ನಿಂತ.

ಬಸ್ಸಿನಲ್ಲಿ ಅಮೀರಾ ಕೇಳಿದಳು. "ಏನ್ ನಡದೈತಿಲೇ?"

"ಏನಿಲ್ಲ."

"ಏನಿಲ್ಲ ಅನ್ನೋರ ಮುಖ ಹಿಂಗ ಇರಂಗಿಲ್ಲ ನೋಡು."

*

ಆಗಸ್ಟ್ ಕೊನೆಯ ವಾರ ಬೆಳ್ಳಿಗೆ ಜಡ್ಡಾಯಿತು. ಹೊನ್ನೇಶ ಆರು ದಿನ ತರಗತಿಗೆ ಬರಲಿಲ್ಲ. ಅವನು ಮರಳಿ ಬಂದಾಗ ಕಣ್ಣು ಕೆಂಪಾಗಿದ್ದವು, ಗಡ್ಡ ಬೆಳೆದಿತ್ತು, ಆದರೆ ಬೆಳ್ಳಿ ಚೇತರಿಸಿಕೊಂಡಿತ್ತು. ತಪ್ಪಿದ ಪಾಠಗಳನ್ನು ಪಕ್ಕದವನ ನೋಟ್‌ಬುಕ್ಕಿನಿಂದ ಇಳಿಸಿಕೊಂಡ.

ಸೆಪ್ಟೆಂಬರಿನಲ್ಲಿ ತರಗತಿ ಮುಗಿಯಿತು. ಕೊನೆಯ ಬರವಣಿಗೆ ಒಂದು ಪತ್ರ. 'ನೀವು ಗೌರವಿಸುವ ಒಬ್ಬರಿಗೆ ಬರೆಯಿರಿ' ಎಂದಿದ್ದಳು ಪ್ರಿಯಾಂಕಾ. ಎಲ್ಲರೂ ಹಾಳೆ ಕೊಟ್ಟರು. ಹೊನ್ನೇಶ ಅಂಟಿಸಿದ ಲಕೋಟೆ ಕೊಟ್ಟ.

"ಮನಿಗೆ ಹೋಗಿ ಓದ್ರಿ ಮೇಡಂ," ಎಂದವನು ಬಜ್ಜಿಗೂ ನಿಲ್ಲದೆ ಹೊರಟುಹೋದ.

ಪ್ರಿಯಾಂಕಾಳ ಮನೆಯ ನಡುಕೋಣೆಯಲ್ಲಿ ಮಗ್ಗವಿತ್ತು. ಅವಳ ತಾಯಿ ಮುತ್ತವ್ವ ಸೀರೆ ನೇಯುತ್ತಿದ್ದಳು. ಆ ಸದ್ದಿನ ಪಕ್ಕದಲ್ಲೇ ಗೋಡೆಗೆ ಒರಗಿ ಕುಳಿತು ಪ್ರಿಯಾಂಕಾ ಲಕೋಟೆ ಒಡೆದಳು. ಏನಿದೆ ಎಂದು ಅವಳಿಗೆ ಗೊತ್ತಿತ್ತು... ಗೊತ್ತಿದೆ ಎಂದುಕೊಂಡಿದ್ದಳು.

ಪತ್ರ ಇಂಗ್ಲಿಷಿನಲ್ಲಿತ್ತು. ಅಕ್ಷರ ದುಂಡಗಿದ್ದವು.

'ಐ ವುಡ್ ಹ್ಯಾವ್ ಲೈಕ್ಡ್ ಟು ಸ್ಪೆಂಡ್ ಮೈ ಲೈಫ್ ವಿತ್ ಯು.'

ಅವಳು ಮತ್ತೆ ಓದಿದಳು.

ನಿಮ್ಮೊಂದಿಗೆ ಬಾಳಬೇಕೆಂದಿದ್ದೆ. ಬಾಳಬೇಕೆಂದಿದ್ದೇನೆ ಅಲ್ಲ... ಬಾಳಬೇಕೆಂದಿದ್ದೆ. ಆಸೆಯಿತ್ತು, ಆದರೆ ಆಗಲಿಲ್ಲ. ಆ ಅಚ್ಚಿನ ಅರ್ಥ ಅದೊಂದೇ. ಆಗಸ್ಟಿನಲ್ಲಿ ಅವಳೇ ತಿಳಿಸಿ ಹೇಳಿದ್ದಳು. ಕೈತಪ್ಪಿ ಹೋದದ್ದರ ಬಗ್ಗೆ ಬರೆಯುವಾಗ ಈ ಅಚ್ಚು.

ಮುಂದಿನ ಸಾಲುಗಳೂ ಹಾಗೆಯೇ ಇದ್ದವು. ನಿಮ್ಮ ತಾಯಿಯವರನ್ನು ಭೇಟಿಯಾಗಬೇಕೆಂದಿದ್ದೆ. ನೀವು ಒಪ್ಪಿದ್ದಿದ್ದರೆ ನಾನು ಸುಖವಾಗಿರುತ್ತಿದ್ದೆ.

ಕೆಳಗೆ ಹೆಸರಿತ್ತು. ಹೊನ್ನೇಶ. ಇದೊಂದು ವ್ಯತ್ಯಾಸ ಎಂದುಕೊಂಡಳು ಪ್ರಿಯಾಂಕಾ. ಈ ಸಲ ಹೆಸರು ಹಾಕಿ ಬೇಡವೆಂದಿದ್ದಾರೆ.

ಕಾರಣ ಕೇಳುವುದು ಅವಳಿಂದಾಗಲಿಲ್ಲ. ಮುರಿದ ಮದುವೆಯ ಕತೆ ಹೇಳಬಾರದಿತ್ತೇ? ಅವನ ಮನೆಯವರು ಏನಾದರೂ ಅಂದರೇ? ಎರಡು ವರ್ಷದ ಹಿಂದಿನ ಪ್ರಶ್ನೆಗಳೆಲ್ಲ ಸಾಲು ಹಿಡಿದು ಬಂದವು. ಅವಳು ಅವುಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಫೋನು ತೆಗೆದು ಒಂದೇ ಸಾಲು ಕಳಿಸಿದಳು. ಪತ್ರಕ್ಕೆ ಧನ್ಯವಾದ, ನಿಮ್ಮ ಭವಿಷ್ಯಕ್ಕೆ ಶುಭ ಹಾರೈಸುತ್ತೇನೆ ಎಂದು, ಇಂಗ್ಲಿಷಿನಲ್ಲಿ.

ಬಿಂಕದಕಟ್ಟಿಯ ತನ್ನ ಬಾಡಿಗೆ ಕೋಣೆಯಲ್ಲಿ ಹೊನ್ನೇಶ ಆ ಸಾಲನ್ನು ಓದಿದ. ಅದರ ಅರ್ಥವೂ ಅವನಿಗೆ ತರಗತಿಯಲ್ಲೇ ಗೊತ್ತಾಗಿತ್ತು. 'ಭವಿಷ್ಯಕ್ಕ ಶುಭ ಹಾರೈಸ್ತೀವಿ ಅಂತ ಬಂತಂದ್ರ ಮುಂದ ಓದೂದ ಬ್ಯಾಡ್ರಿ. ಆ ಕೆಲಸ ನಿಮಗ ಸಿಗಲಿಲ್ಲ ಅಂತ ಅರ್ಥ' ಎಂದು ಪ್ರಿಯಾಂಕಾ ನಕ್ಕು ಹೇಳಿದ್ದಳು. ಆಗ ಎಲ್ಲರೂ ನಕ್ಕಿದ್ದರು.

ಅವನು ಫೋನು ಕಿಸೆಯಲ್ಲಿಟ್ಟು ನೀರು ತುಂಬಿಸಲು ಹೋದ. ಒಲ್ಲೆ ಎಂದವರ ಬೆನ್ನು ಹತ್ತುವ ಜಾತಿಯವನಲ್ಲ ಅವನು.

*

ಮೂರು ತಿಂಗಳು ಕಳೆದವು.

ಹೊಸ ತಂಡ ಸೇರಿತು. ಪ್ರಿಯಾಂಕಾ ಪಾಠ ಮಾಡಿದಳು. ಚಹಾದಂಗಡಿಗೆ ಹೋಗುವುದನ್ನು ಬಿಟ್ಟಳು. ಬಿಂಕದಕಟ್ಟಿಯ ಮೇಲೆ ಹೋಗುವ ಬಸ್ಸು ಕಂಡರೆ ರಸ್ತೆಯ ಇನ್ನೊಂದು ಬದಿ ನೋಡುತ್ತಿದ್ದಳು. ಇಷ್ಟು ಬಿಟ್ಟರೆ ಎಲ್ಲ ಮೊದಲಿನಂತೆಯೇ ಇತ್ತು.

ಮುತ್ತವ್ವ ಒಂದು ಸಂಬಂಧ ನೋಡಿದ್ದಳು. ಹುಡುಗ ಮುಂಡರಗಿಯವನು, ಹೆಸರು ಬೀರಲಿಂಗ, ಸೈಕಲ್ ಮಾರುವ ಅಂಗಡಿಯಿತ್ತು. ಬಂದು ನೋಡಿಕೊಂಡು ಹೋದ. ಮರ್ಯಾದಸ್ಥ. ಪ್ರಿಯಾಂಕಾಳ ಹಳೆಯ ಸುದ್ದಿ ಗೊತ್ತಿದ್ದೂ ಒಂದು ಮಾತು ಕೇಳಲಿಲ್ಲ.

"ಹೂಂ ಅನ್ನಲೇನು?" ಮುತ್ತವ್ವ ಕೇಳಿದಳು.

"ನಿನ್ನ ಮನಸಿಗೆ ಬಂದಂಗ ಮಾಡವ್ವ."

ಭಾನುವಾರ ಅವರ ಕಡೆಯ ಹಿರಿಯರು ಬಂದು ಮಾತು ಮುಗಿಸುವುದೆಂದು ಗೊತ್ತಾಯಿತು.

ಅದರ ಹಿಂದಿನ ಗುರುವಾರ ಪ್ರಿಯಾಂಕಾ ತರಗತಿಯಲ್ಲಿ ಹೊಸಬರ ಬರವಣಿಗೆ ತಿದ್ದುತ್ತಿದ್ದಳು. ಕರೆವ್ವ ಎಂಬ ಹುಡುಗಿ, ಅಂತೂರ ಬೆಂತೂರದಿಂದ ಬರುವ ನರ್ಸು, ಎದುರು ನಿಂತಿದ್ದಳು. ಅವಳು ಬರೆದದ್ದು ರಜೆಯ ಅರ್ಜಿ.

'ಐ ವುಡ್ ಹ್ಯಾವ್ ಲೈಕ್ಡ್ ಟು ಟೇಕ್ ಲೀವ್ ಆನ್ ಫ್ರೈಡೇ.'

"ಕರೆವ್ವ, ಇದೇನ್ ಬರದೀಯವ್ವ? ರಜಾ ತಗೋಬೇಕಂತಿದ್ದೆ, ಆದ್ರ ಆಗಲಿಲ್ಲ ಅಂತ ಆತಲ್ಲ. ನಿನಗ ರಜಾ ಬೇಕೋ ಬ್ಯಾಡೋ?"

"ಬೇಕ್ರಿ ಮೇಡಂ. ಅಕ್ಕನ ಕೂಸಿಗೆ ಹೆಸರಿಡೋದೈತಿ."

"ಹಂಗಾರ 'ವುಡ್ ಲೈಕ್ ಟು' ಸಾಕಿತ್ತು. ನಡುವ ಈ 'ಹ್ಯಾವ್' ಯಾಕ?"

ಕರೆವ್ವ ಸಂಕೋಚದಿಂದ ನಕ್ಕಳು. "ಆವತ್ತ ನಾ ಬಂದಿರ್ಲಿಲ್ರಿ. ಬ್ಯಾರೇವ್ರ ನೋಟ್‌ಬುಕ್ಕಿನ್ಯಾಗ ಎರಡೂ ಅಚ್ಚು ಇದ್ವು. ಇದು ಅದಕ್ಕಿಂತ ಉದ್ದ ಐತಲ್ರಿ... ಉದ್ದ ಆದಷ್ಟೂ ಮರ್ಯಾದಿ ಜಾಸ್ತಿ ಅಂದಿದ್ರಿ ನೀವು. ಡಾಕ್ಟರಿಗೆ ಬರಿಯೋ ಅರ್ಜಿ ನೋಡ್ರಿ, ಅದಕ್ಕ..."

ಪ್ರಿಯಾಂಕಾ ಪೆನ್ನು ಕೆಳಗಿಟ್ಟಳು.

ಕೆಳಗಿನ ಗಿರಣಿಯ ಸದ್ದು ಒಮ್ಮೆಲೇ ಬಹಳ ದೊಡ್ಡದಾಗಿ ಕೇಳಿಸಿತು.

"ಕುಂಡ್ರು ಕರೆವ್ವ. ಬಂದೆ," ಎಂದು ಎದ್ದು ಕಪಾಟಿನಿಂದ ಹಳೆಯ ಹಾಜರಿ ಪುಸ್ತಕ ತೆಗೆದಳು. ಆಗಸ್ಟ್. ಹೊನ್ನೇಶನ ಹೆಸರಿನ ಮುಂದೆ ಆರು ದಿನ ಗೈರುಹಾಜರಿ. 'ವುಡ್ ಹ್ಯಾವ್' ಕಲಿಸಿದ ತಾರೀಖು ಅವಳ ಪಾಠದ ಟಿಪ್ಪಣಿಯಲ್ಲಿತ್ತು. ಬೆಳ್ಳಿಗೆ ಜಡ್ಡಾದ ವಾರವೇ.

ಅವನು ಪಕ್ಕದವನ ನೋಟ್‌ಬುಕ್ಕಿನಿಂದ ಅಚ್ಚು ಇಳಿಸಿಕೊಂಡಿದ್ದ. ಅರ್ಥ ಇಳಿಸಿಕೊಂಡಿರಲಿಲ್ಲ.

ಎಲ್ಲಕ್ಕಿಂತ ಉದ್ದನೆಯದನ್ನು ಹುಡುಕಿ ತನಗಾಗಿ ಬರೆದಿದ್ದಾನೆ... ಅತಿ ಹೆಚ್ಚು ಮರ್ಯಾದೆಯದು ಎಂದುಕೊಂಡು.

ಮೂರು ತಿಂಗಳು ಅವಳು ಒಂದು 'ಹ್ಯಾವ್' ಕಾರಣಕ್ಕೆ ಮುಖ ತಿರುಗಿಸಿಕೊಂಡು ಓಡಾಡಿದ್ದಳು. ಅಥವಾ ಹಾಗಿಲ್ಲದೆಯೂ ಇರಬಹುದು. ಅವನು ನಿಜವಾಗಿಯೇ ಬೇಡವೆಂದಿದ್ದರೆ? ಬರೆದದ್ದು ಸರಿಯಾಗಿಯೇ ಇದ್ದರೆ? ವಾಕ್ಯದಿಂದ ಅದು ಗೊತ್ತಾಗುವಂತಿರಲಿಲ್ಲ. ಹೋಗಿ ಕೇಳಬೇಕಿತ್ತು.

*

ಮನೆಗೆ ಬಂದಾಗ ಮುತ್ತವ್ವ ಮಗ್ಗದಲ್ಲಿದ್ದಳು.

"ಅವ್ವ, ಮಗ್ಗ ನಿಲ್ಲಿಸು. ಮಾತೈತಿ."

ಮುತ್ತವ್ವ ಲಾಳಿ ಹಿಡಿದ ಕೈಯನ್ನು ತಡೆದಳು.

"ನಾ ಮುಂಡರಗಿಯವರಿಗೆ ಹೂಂ ಅನ್ನಾಕ ಆಗೂದಿಲ್ಲ."

"ಯಾಕ? ಹುಡುಗ ಸೇರ್ಲಿಲ್ಲೇನು?"

"ಹುಡುಗ ಚಲೋ ಅದಾನ. ಆದ್ರ ನನ್ನ ಮನಸು ಬ್ಯಾರೆ ಕಡೆ ಐತಿ."

ಮುತ್ತವ್ವ ಮಗಳ ಕಡೆ ಪೂರ್ತಿ ತಿರುಗಿ ಕುಳಿತಳು. "ಅವನ ಮನಸು?"

"ಗೊತ್ತಿಲ್ಲ. ನಾಳೆ ಕೇಳ್ತೀನಿ."

"ಅವ ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಒಲ್ಲೆ. ಆದ್ರೂ ಇವರಿಗೆ ಹೂಂ ಅನ್ನೂದಿಲ್ಲವ್ವ. ಮನಸಿನ್ಯಾಗ ಒಬ್ಬನ್ನ ಇಟ್ಕೊಂಡು ಆ ಮನಿಗೆ ಹೋಗೂದು ಅವರಿಗೂ ಚಲೋ ಅಲ್ಲ."

ಮುತ್ತವ್ವ ಬೈಯಲಿಲ್ಲ. ಎದ್ದು ಹೋಗಿ ನೀರು ಕುಡಿದಳು. ಎರಡು ವರ್ಷದ ಹಿಂದೆ ಹಂಚಿದ ಕಾರ್ಡುಗಳಲ್ಲಿ ಉಳಿದದ್ದನ್ನು ಒಲೆಗೆ ಹಾಕಿದವಳು ಅವಳೇ. ಮತ್ತೊಮ್ಮೆ ಊರಿನ ಬಾಯಿಗೆ ಬೀಳುವುದೆಂದರೆ ಏನು ಎಂದು ಅವಳಿಗೆ ಗೊತ್ತಿತ್ತು.

"ಫೋನ್ ಹಚ್ಚಿ ಕೊಡು," ಎಂದಳು ಕೊನೆಗೆ.

"ಮೆಸೇಜ್ ಹಾಕಲೇನು?"

"ಬ್ಯಾಡ. ನಾನ ಹೇಳ್ತೀನಿ."

ಮುಂಡರಗಿಯ ಕಡೆ ಫೋನು ಎತ್ತಿದವಳು ಬೀರಲಿಂಗನ ತಾಯಿ. ಮುತ್ತವ್ವ ಗೋಡೆಗೆ ಕೈಯಿಟ್ಟುಕೊಂಡು ನಿಂತೇ ಮಾತಾಡಿದಳು.

"ಯಕ್ಕಾ, ನಾ ಮುತ್ತವ್ವ, ಬೆಟಗೇರಿಯಿಂದ. ಐತವಾರ ಬರೂದು ಬ್ಯಾಡ್ರಿ. ನನ್ನ ಮಗಳ ಮನಸು ಒಪ್ಪವಲ್ದು. ಮೊದಲ ಕೇಳಿ ತಿಳ್ಕೋಬೇಕಿತ್ತು ನಾ, ತಪ್ಪ ನಂದೈತಿ. ನಿಮ್ಮ ಹುಡುಗನ್ಯಾಗ ಒಂದ ಕೊರತಿ ಇಲ್ರಿ."

ಬೀರಲಿಂಗನ ತಾಯಿ ಹೇಳಿದಳು. "ಬ್ಯಾಸರ ಆತು ನೋಡ್ರಿ. ಆದ್ರ ನೀವ ಫೋನ್ ಮಾಡಿ ಹೇಳಿದ್ರಿ. ಇರ್ಲಿ."

ಮುತ್ತವ್ವ ಫೋನು ಮಗಳ ಕೈಗೆ ಕೊಟ್ಟು ಮತ್ತೆ ಮಗ್ಗಕ್ಕೆ ಹೋಗಿ ಕುಳಿತಳು. ಪ್ರಿಯಾಂಕಾ ಅವಳ ಕಾಲ ಬಳಿ ಕುಳಿತು ಮೊಣಕಾಲಿಗೆ ತಲೆಯಿಟ್ಟಳು.

"ಏಳು. ನೇಯಾಕ ಆಗವಲ್ದು," ಎಂದಳು ಮುತ್ತವ್ವ. ಆದರೆ ಲಾಳಿಗೆ ಕೈ ಹಚ್ಚಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಪ್ರಿಯಾಂಕಾ ಬಿಂಕದಕಟ್ಟಿಯಲ್ಲಿ ಬಸ್ಸಿಳಿದಳು. ಟಿಕೆಟ್ ತೆಗೆದುಕೊಂಡು ಒಳಗೆ ಹೋದಳು. ಹಿಂಬದಿಯಲ್ಲಿ ಕೆಲಸದವರ ಕೋಣೆಯ ಮುಂದೆ ಹೊನ್ನೇಶ ಬಕೆಟ್ಟು ತೊಳೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಒದ್ದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡ. ಬಹಳ ಸೊರಗಿದ್ದ.

"ಬರ್ರಿ ಮೇಡಂ... ಕುಂಡ್ರಿ."

ಅವಳು ಕುಳಿತುಕೊಳ್ಳಲಿಲ್ಲ. ಚೀಲದಿಂದ ಪತ್ರ ತೆಗೆದಳು.

"ಹೊನ್ನೇಶ ಅವರ, ಇದನ್ನ ಕನ್ನಡದಾಗ ಹೇಳ್ರಿ."

"ಈಗ್ಯಾಕ್ರಿ ಅದು? ನೀವು ಉತ್ತರ ಕೊಟ್ಟಾತಲ್ರಿ."

"ನಾ ಯಾವುದಕ್ಕ ಉತ್ತರ ಕೊಟ್ಟೆ ಅಂತ ನನಗ ಗೊತ್ತಾಗಬೇಕಾಗೇತಿ. ಮೊದಲನೇ ಸಾಲು ಹೇಳ್ರಿ."

ಹೊನ್ನೇಶ ನೆಲ ನೋಡಿದ. "ಕನ್ನಡದಾಗ ಬಾಯಿ ಬರಲಿಲ್ಲಂತನ ಇಂಗ್ಲಿಷಿನ್ಯಾಗ ಬರದದ್ರಿ. ಅದರಾಗ ಬರದ್ರ ಬ್ಯಾರೆ ಯಾರೋ ಹೇಳ್ದಂಗಿರತೈತಿ. ಅಂಜಿಕಿ ಕಮ್ಮಿ."

"ಖರೆ. ಆದ್ರ ಬ್ಯಾರೆ ಯಾರೋ ಬ್ಯಾರೆನ ಹೇಳಿಬಿಟ್ಟಾರ."

ಅವನಿಗೆ ಅರ್ಥವಾಗಲಿಲ್ಲ. ಪ್ರಿಯಾಂಕಾ ಮೆಲ್ಲಗೆ ಬಿಡಿಸಿ ಹೇಳಿದಳು. ನಡುವೆ ಬಂದು ಕುಳಿತ ಒಂದು ಮಾತು ಆಸೆಯನ್ನು ಹೇಗೆ ಮುಗಿದುಹೋದದ್ದಾಗಿ ಮಾಡುತ್ತದೆ ಎಂದು. ಬಾಳಬೇಕು ಎಂಬುದು ಹೇಗೆ ಬಾಳಬೇಕೆಂದಿದ್ದೆ ಆಗುತ್ತದೆ ಎಂದು. ಉದ್ದ ಆದಷ್ಟೂ ಮರ್ಯಾದೆ ಎಂದು ಕಲಿಸಿದ ತಪ್ಪು ತನ್ನದು ಎಂದೂ ಹೇಳಿದಳು.

ಕೇಳುತ್ತ ಕೇಳುತ್ತ ಹೊನ್ನೇಶನ ಮುಖ ಬಿಳಿಚಿಕೊಂಡಿತು.

"ಅಂದ್ರ... ನಾ ಒಲ್ಲೆ ಅಂದೆ ಅಂತ ತಿಳ್ಕೊಂಡ್ರಿ? ಮೂರು ತಿಂಗಳು?"

"ಹೂಂ."

"ಆವತ್ತ ಬೇಲಿ ಹತ್ರ ನೀವು ಅದೆಲ್ಲಾ ಹೇಳಿದ ಮ್ಯಾಲೆ, ನಾನೂ ಹಂಗ ಮಾಡಿದೆ ಅಂತ?"

ಅವನು ಎರಡು ಹೆಜ್ಜೆ ದೂರ ಹೋಗಿ, ಬೇವಿನ ಮರದ ಕಡೆ ಮುಖ ಮಾಡಿ ನಿಂತ. ಹೆಗಲು ಅಲುಗಿದವು. ತಿರುಗಿ ಬಂದಾಗ ಕಣ್ಣು ಒರೆಸಿಕೊಂಡಿದ್ದ.

"ನಾನೂ ನಿಮ್ಮ ಸಾಲು ಓದಿ ಆತು ಬಿಡು ಅಂದ್ಕೊಂಡೆ. ಕೇಳಾಕ ಬರಬೇಕಿತ್ರಿ. ಬರಲಿಲ್ಲ."

"ನಾನೂ ಬರಲಿಲ್ಲ."

ಎಲ್ಲೋ ನವಿಲೊಂದು ಕೂಗಿತು.

"ಸುಧಾರಿಸಿ ಇನ್ನೊಮ್ಮೆ ಬರದ್ಕೊಡ್ಲೇನ್ರಿ?" ಹೊನ್ನೇಶ ಕೇಳಿದ.

"ಬ್ಯಾಡ. ಹೇಳ್ರಿ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಅವಳ ಮುಖ ನೋಡಿ ಹೇಳಿದ.

"ನಿಮ್ಮ ಕೂಡ ಬಾಳೇ ಮಾಡಬೇಕು ಅಂತ ನನಗ ಭಾಳ ಆಸೆ ಐತ್ರಿ. ಆವತ್ತೂ ಇತ್ತು. ಇವತ್ತೂ ಐತಿ."

ಪ್ರಿಯಾಂಕಾ ಪತ್ರವನ್ನು ಮಡಿಸಿ ಚೀಲದೊಳಗೆ ಇಟ್ಟುಕೊಂಡಳು. ಕಣ್ಣೀರು ಕೆನ್ನೆಗೆ ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ನನಗೂ ಐತಿ," ಅಂದಳು.

ಅವನು ಕೋಣೆಯೊಳಗಿನಿಂದ ಕುರ್ಚಿ ತಂದು ನೆರಳಿನಲ್ಲಿ ಹಾಕಿದ. ಡಬ್ಬಿ ತೆರೆದು ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟ. ಬೆಳಿಗ್ಗೆಯಿಂದ ಅವಳೂ ಏನೂ ತಿಂದಿರಲಿಲ್ಲ. ಒಂದೊಂದು ರೊಟ್ಟಿ ಹಂಚಿಕೊಂಡರು.

"ಪಲ್ಯಾ ಖಾರ ಆಗೇತೇನ್ರಿ?"

"ಆಗೇತಿ. ಚಲೋ ಐತಿ."

ಹೊನ್ನೇಶ ಅಂದು ಮೊದಲ ಸಲ ನಕ್ಕ.

"ಐತವಾರ ನಮ್ಮನಿಗೆ ಬರ್ರಿ," ಎಂದಳು ಪ್ರಿಯಾಂಕಾ. "ಅವ್ವನ ಕೂಡ ಮಾತಾಡ್ರಿ."

"ಏನ್ ಕೇಳ್ತಾರ್ರೀ ಅವ್ವಾರು?"

"ಯಾವೂರು, ಮನ್ಯಾಗ ಯಾರ್ಯಾರು ಅದಾರ, ರೊಟ್ಟಿ ನೀವ ಬಡೀತೀರೋ ಹೊರಗ ತಿಂತೀರೋ... ಎಲ್ಲಾ ಕೇಳ್ತಾಳ."

"ಹಿರ್ಯಾರ ಮುಂದ ನನಗ ಮಾತು ತಡವರಿಸ್ತಾವ್ರಿ."

"ತಡವರಿಸ್ಲಿ ಬಿಡ್ರಿ. ಅವ್ವಗೇನ್ ಅವಸರ ಇಲ್ಲ."

"ಮತ್ತ ನಿಮಗ್ರೀ?"

"ನನಗ ಐತಿ," ಎಂದಳು ಪ್ರಿಯಾಂಕಾ.